ಓದುಗರ ಪ್ರಶ್ನೆ: ಐದು ದಿನಕ್ಕೆ ಹದಿನಾಲ್ಕು ಜಾಗ ಬೇಕಾ?

ಪ್ರಶ್ನೆ: ನಾವಿಬ್ಬರೂ ಬೆಂಗಳೂರಲ್ಲಿ ಕೆಲಸದಲ್ಲಿದ್ದೇವೆ. ಡಿಸೆಂಬರ್‌ನಲ್ಲಿ ಐದು ದಿನ ರಜೆ ಹಾಕಿ, ನಮ್ಮದೇ ಕಾರಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಕಡಲ ತೀರದ ಊರುಗಳನ್ನು ನೋಡುವ ಆಸೆ. ನಮ್ಮ ಯಜಮಾನರು ಹದಿನಾಲ್ಕು ಜಾಗಗಳ ಪಟ್ಟಿ ಮಾಡಿ, ಎಲ್ಲಿ ಎಷ್ಟು ಹೊತ್ತು ಅಂತಲೂ ಬರೆದಿಟ್ಟಿದ್ದಾರೆ. ನನಗೋ ಸುಮ್ನೆ ಕೂತು ಸಮುದ್ರ ನೋಡಬೇಕು. ಏನು ಮಾಡಲಿ?
- ಓದುಗರು, ರಾಜಾಜಿನಗರ

ಉತ್ತರ: ಪಟ್ಟಿಯಲ್ಲಿ ಹತ್ತನ್ನು ಹೊಡೆದುಹಾಕಿ. ಯಜಮಾನರು ಮುನಿಸಿಕೊಂಡರೆ ಈ ಪುಟ ತೋರಿಸಿ, ಬೈಗುಳ ನನಗೇ ಇರಲಿ.

ನಾನೂ ಒಮ್ಮೆ ಹೀಗೇ ಪಟ್ಟಿ ಹಿಡಿದು ಹೋಗಿದ್ದೆ. ಉಡುಪಿಯಲ್ಲಿ ಬಿಸಿಬಿಸಿ ಗೋಳಿಬಜೆ ತಟ್ಟೆಗೆ ಬಂದಿತ್ತು, ನಾನು ಮಾತ್ರ ಗಡಿಯಾರ ನೋಡುತ್ತಾ "ಹೊರಡೋಣ, ಹೊರಡೋಣ" ಅಂತ ನನ್ನವಳ ಜೀವ ತಿಂದೆ. ಅವಳು ಮಾತಾಡದೆ ಅದನ್ನು ಪೇಪರ್‌ನಲ್ಲಿ ಕಟ್ಟಿಕೊಂಡು ಕಾರು ಹತ್ತಿದಳು. ಸೀಟಿನ ಮೇಲೆ ಆ ಎಣ್ಣೆ ಕಲೆ ಈಗಲೂ ಇದೆ. ಆ ಪ್ರವಾಸದಲ್ಲಿ ನೋಡಿದ ಊರುಗಳೇ ನೆನಪಿಲ್ಲ.

ನಿಮಗೆ ಎರಡು ರಾತ್ರಿ ಮಲ್ಪೆ, ಎರಡು ರಾತ್ರಿ ಗೋಕರ್ಣ ಸಾಕು. ಬೆಳಗ್ಗೆ ಐದಕ್ಕೇ ನೆಲಮಂಗಲ ದಾಟಿಬಿಡಿ. ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಘಾಟಿಯನ್ನು ಬೆಳಕಿರುವಾಗಲೇ ಇಳಿಯಿರಿ, ರಾತ್ರಿ ಲಾರಿಗಳ ಹಿಂದೆ ತೆವಳುವುದು ಯಾರಿಗೂ ಬೇಡ. ಮಂಗಳೂರಿನಿಂದ ಉತ್ತರಕ್ಕೆ ಹೋಗುವ ದಾರಿಯಲ್ಲಿ ಕಾಪು ಸಿಗುತ್ತದೆ. ಅಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ ಇದೆ. ಸಂಜೆ ಮೇಲಕ್ಕೆ ಹತ್ತಲು ಬಿಡುತ್ತಾರೆ. ಮೊದಲ ದಿನಕ್ಕೆ ಅಷ್ಟೇ.

ಮರುದಿನ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬನ್ನಿ. ಲಾವಾ ತಣ್ಣಗಾಗುವಾಗ ಸೀಳಿ ಕಂಬಗಳಾಗಿ ನಿಂತ ಕಲ್ಲುಗಳು ಅಲ್ಲಿವೆ. ಯಾರೋ ಅಳತೆ ಹಿಡಿದು ಕಡಿದಿಟ್ಟ ಹಾಗೆ ಕಾಣುತ್ತವೆ. ನೆರಳು ಕಡಿಮೆ, ಟೋಪಿ ಮರೆಯಬೇಡಿ.

ಮೂರನೇ ದಿನ ಹತ್ತಿರ ಹತ್ತಿರ 180 ಕಿ.ಮೀ. ದಾರಿ. ಈ ದಾರಿಯ ಗುಟ್ಟು ಒಂದಿದೆ. ದಕ್ಷಿಣದಿಂದ ಉತ್ತರಕ್ಕೆ ಹೋದರೆ ಸಮುದ್ರ ನಿಮ್ಮ ಎಡಕ್ಕೇ ಇರುತ್ತದೆ, ನಮ್ಮ ಗಾಡಿ ಓಡುವುದೂ ಎಡಗಡೆಯೇ ಅಲ್ವಾ? ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ಉತ್ತರಕ್ಕೆ ಹೊರಟವರಿಗೆ ಹೆದ್ದಾರಿ ದಾಟುವ ರಗಳೆ ಇಲ್ಲದೆ ಕಡಲ ಬದಿಗೇ ಇಳಿಯಲು ಸಿಗುತ್ತದೆ. ಡ್ರೈವರ್ ಪಕ್ಕದ ಸೀಟು ಕಡಲಿನ ಕಡೆಗೇ ಬೀಳುವುದರಿಂದ ಅಲ್ಲಿ ಕೂತವರಿಗೆ ಲಾಭ ಜಾಸ್ತಿ. ನಿಮಗೂ ಡ್ರೈವಿಂಗ್ ಬಂದರೆ ಕುಂದಾಪುರದವರೆಗೆ ನೀವು ಓಡಿಸಿ, ಮರವಂತೆಗೆ ಬರುವಷ್ಟರಲ್ಲಿ ಸ್ಟೇರಿಂಗ್ ಅವರ ಕೈಗೆ ಕೊಟ್ಟುಬಿಡಿ! ಕೋಳಿ ತಿನ್ನುವವರಾದರೆ ಕುಂದಾಪುರದ ಘೀ ರೋಸ್ಟ್ ಜೊತೆ ನೀರ್ ದೋಸೆ ಇರಲಿ.

ಮುರುಡೇಶ್ವರದ 123 ಅಡಿ ಶಿವ ದೂರದಿಂದಲೇ ಕಾಣುತ್ತಾನೆ, ಅಲ್ಲಿ ಒಂದು ಗಂಟೆ ಸಾಕು. ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟುವಾಗ ಮಾತ್ರ ಮೊಬೈಲ್ ಕೆಳಗಿಟ್ಟು ನದಿ ಎಷ್ಟು ಅಗಲ ಅಂತ ಕಣ್ಣಲ್ಲೇ ನೋಡಿ.

ಗೋಕರ್ಣದಲ್ಲಿ ಕಾರಿಗೆ ರಜೆ. ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡ ಹತ್ತಿ ಇಳಿದು ನಡೆದೇ ಹೋಗಬಹುದು. ಡಿಸೆಂಬರ್‌ನಲ್ಲಿ ಆರು ಗಂಟೆ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಐದೂವರೆಗೆಲ್ಲ ಮರಳಲ್ಲಿ ಕೂತಿರಿ. ಕಾರವಾರ ಬಿಟ್ಟುಹೋಯಿತಲ್ಲ ಅಂತ ನನಗೂ ಬೇಜಾರು, ತರುಣ ಟಾಗೋರರು ಬಂದು ಉಳಿದಿದ್ದ ಊರದು. ಆದರೆ ಕೊನೆಯ ದಿನ ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿ ದಾರಿಯಲ್ಲಿ ಬೆಂಗಳೂರು ಮುಟ್ಟುವಷ್ಟರಲ್ಲೇ ಇಡೀ ದಿನ ಕಳೆದಿರುತ್ತದೆ.

ಪ್ರಶ್ನೆ: ಇದೇ ದಾರಿಯಲ್ಲಿ ಜುಲೈನಲ್ಲಿ ಹೋದರೆ ಮಳೆ ಚೆನ್ನಾಗಿರುತ್ತಾ?
- ಓದುಗರು, ಜಯನಗರ

ಉತ್ತರ: ಮಳೆಯೇನೋ ಚೆನ್ನಾಗಿರುತ್ತದೆ. ದ್ವೀಪಕ್ಕೆ ದೋಣಿ ಇರಲ್ಲ, ನೀರಿಗಿಳಿಯುವ ಹಾಗಿಲ್ಲ. ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ, ಹಾಗಾಗಿ ತಾಜಾ ಮೀನೂ ಕಡಿಮೆ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ಹೆದ್ದಾರಿಯ ಮೇಲೆ. ನವೆಂಬರ್‌ವರೆಗೆ ಕಾಯಿರಿ.