ಅಂತಾರಾಷ್ಟ್ರೀಯ ಸಂಬಂಧಗಳ ಪ್ರಾಧ್ಯಾಪಕರು ಯಾವುದರ ಮೇಲೆ ಸಂಶೋಧನೆ ಮಾಡುತ್ತಾರೆ? ಆ ಹುದ್ದೆಗೆ ದಾರಿ ಯಾವುದು?

ಸಿಂಧನೂರಿನಲ್ಲಿ ಬಿ.ಎ. ಓದುತ್ತಿರುವ ನೀವು ಎರಡು ವಿಷಯ ಕೇಳಿದ್ದೀರಿ: ಅಂತಾರಾಷ್ಟ್ರೀಯ ಸಂಬಂಧಗಳ ಪ್ರಾಧ್ಯಾಪಕರ ಸಂಶೋಧನೆ ಎಂದರೆ ಏನು, ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರು ಅಲ್ಲಿಗೆ ತಲುಪಬಹುದೇ. ನಾನು ಕೊಪ್ಪಳದ ಕಡೆಯವನು. ಈ ವಿಷಯವನ್ನು ಇಪ್ಪತ್ತಾರು ವರ್ಷಗಳಿಂದ ಬೋಧಿಸುತ್ತಿದ್ದು, ಈಗ ಬಳ್ಳಾರಿಯಲ್ಲಿದ್ದೇನೆ. ನನ್ನ ಅನುಭವದಿಂದಲೇ ಉತ್ತರಿಸುತ್ತೇನೆ.

ನಾನು ಸಂಶೋಧನೆಯ ವಿಷಯವನ್ನು ಹುಡುಕಿಕೊಂಡು ಹೋಗಲಿಲ್ಲ, ಅದು ಮನೆಯಲ್ಲೇ ಇತ್ತು. ನಮ್ಮಲ್ಲಿ ಗಡಿ ಎಂದರೆ ಪಾಕಿಸ್ತಾನದ್ದೋ ಚೀನಾದ್ದೋ ಅಲ್ಲ, ಮುಂಡರಗಿಗೆ ಹೋಗುವ ದಾರಿಯಲ್ಲಿ ಸಿಗುತ್ತಿದ್ದ ಗಡಿ. ಕೊಪ್ಪಳ ಆಗ ನಿಜಾಮರು ಆಳುತ್ತಿದ್ದ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರ ಪರವಾದ ಸಶಸ್ತ್ರ ಪಡೆ ರಜಾಕಾರರ ಹಾವಳಿಯ ಕಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ರಾತ್ರೋರಾತ್ರಿ ಊರು ಬಿಟ್ಟದ್ದನ್ನು ನಮ್ಮ ಅಜ್ಜಿ "ಮೊಗಲಾಯಿ ದಾಟಿ ಹ್ವಾದ್ವಿ" (ಮೊಗಲಾಯಿ ಎಂದರೆ ನಿಜಾಮರ ಸೀಮೆ) ಎಂದಷ್ಟೇ ಹೇಳುತ್ತಿದ್ದರು. ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದಲ್ಲಿ ನಿಜಾಮರ ವಿರುದ್ಧ ಹೋರಾಡುತ್ತಿದ್ದವರ ಶಿಬಿರ ಮುಂಡರಗಿಯಲ್ಲಿದ್ದುದಕ್ಕೆ ಕಾರಣವೂ ಅದೇ: ಆ ಊರು ನಿಜಾಮರ ಸೀಮೆಯ ಹೊರಗೆ, ಮುಂಬಯಿ ಪ್ರಾಂತ್ಯದಲ್ಲಿತ್ತು. ಹಾಗಾದರೆ ಅಜ್ಜಿ ದಾಟಿದ್ದು ಎರಡು ದೇಶಗಳ ನಡುವಿನ ಗಡಿಯೋ, ಒಂದೇ ದೇಶದೊಳಗಿನ ಎಲ್ಲೆಯೋ?

ಈ ಪ್ರಶ್ನೆ ವಿಶ್ವಸಂಸ್ಥೆಯವರೆಗೆ ಹೋಗಿತ್ತು ಎಂಬುದು ನನಗೆ ತಿಳಿದದ್ದು ಕಲಬುರಗಿಯಲ್ಲಿ ಎಂ.ಎ. ಮುಗಿಸಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಸೇರಿದ ಮೇಲೆ. 1955ರಲ್ಲಿ ಪ್ರತ್ಯೇಕವಾಗಿ ಆರಂಭವಾಗಿ 1970ರಲ್ಲಿ ಆ ವಿಶ್ವವಿದ್ಯಾಲಯದೊಂದಿಗೆ ವಿಲೀನವಾದ ಅಂತಾರಾಷ್ಟ್ರೀಯ ಅಧ್ಯಯನ ಕೇಂದ್ರ ಅಲ್ಲಿದೆ. ಹೈದರಾಬಾದ್ ಸಂಸ್ಥಾನ 1947ರ ನವೆಂಬರ್ 29ರಂದು ಭಾರತದೊಂದಿಗೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ (ಹಿಂದಿನ ವ್ಯವಸ್ಥೆಯನ್ನೇ ಮುಂದುವರಿಸುವ ಒಪ್ಪಂದ) ಮಾಡಿಕೊಂಡಿತ್ತು. ಆ ಅವಧಿ ಮುಗಿಯುವ ಮೊದಲೇ, 1948ರ ಆಗಸ್ಟ್ 21ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕಳುಹಿಸಿತು. ವಿಶ್ವಸಂಸ್ಥೆಯ ಸದಸ್ಯವಲ್ಲದ ದೇಶವೂ ವಿವಾದವೊಂದನ್ನು ಮಂಡಳಿಯ ಮುಂದಿಡಬಹುದು ಎನ್ನುವ ಸನ್ನದಿನ 35ನೆಯ ವಿಧಿಯನ್ನು ಅದು ಆಧಾರವಾಗಿಟ್ಟುಕೊಂಡಿತ್ತು. ಹೈದರಾಬಾದ್ ಎಂದೂ ಸ್ವತಂತ್ರ ದೇಶವಾಗಿರಲಿಲ್ಲ, ಆದ್ದರಿಂದ ಇದು ಆಂತರಿಕ ವಿಷಯ ಎಂಬುದು ಭಾರತದ ವಾದವಾಗಿತ್ತು. ಸೆಪ್ಟೆಂಬರ್ 13ರಂದು ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 16ರಂದು ಪ್ಯಾರಿಸ್‌ನಲ್ಲಿ ಸೇರಿದ ಮಂಡಳಿಯು ತನಗೆ ಅಧಿಕಾರವಿದೆಯೇ ಇಲ್ಲವೇ ಎಂಬುದನ್ನು ಇತ್ಯರ್ಥಪಡಿಸದೆಯೇ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಂಡಿತು. ಮರುದಿನವೇ ಕದನವಿರಾಮವಾಯಿತು, 22ರಂದು ನಿಜಾಮರು ದೂರು ಹಿಂತೆಗೆದುಕೊಳ್ಳುವುದಾಗಿ ತಂತಿ ಕಳುಹಿಸಿದರು. ಮಂಡಳಿ ಯಾವ ನಿರ್ಣಯವನ್ನೂ ಅಂಗೀಕರಿಸಲಿಲ್ಲ. ಆದರೂ ಈ ವಿಷಯ ಅದರ ಪಟ್ಟಿಯಲ್ಲಿ ದಶಕಗಳ ಕಾಲ ಉಳಿಯಿತು.

ನನ್ನ ಪಿಎಚ್.ಡಿ. ಇದರ ಮೇಲೆಯೇ. ಯಾವುದನ್ನು ದೇಶ ಎಂದು ಕರೆಯಬೇಕು, ಅದನ್ನು ನಿರ್ಧರಿಸುವವರು ಯಾರು ಎಂಬುದು ಈ ಶಾಸ್ತ್ರದ ಮೂಲ ಪ್ರಶ್ನೆ. ನಮ್ಮ ಪಠ್ಯಪುಸ್ತಕಗಳು ದೇಶಗಳನ್ನು ಮೊದಲೇ ಸಿದ್ಧವಾಗಿ ಕೂತಿರುವ ಚದುರಂಗದ ಕಾಯಿಗಳಂತೆ ತೋರಿಸುತ್ತವೆ. ರಾಯಚೂರು-ಕೊಪ್ಪಳದವರಿಗೆ ಹಾಗೆ ನಂಬುವುದು ಕಷ್ಟ ಎಂದು ನನ್ನ ಅನಿಸಿಕೆ. ನನ್ನ ಮೊದಲ ಲೇಖನವನ್ನು ನಿಯತಕಾಲಿಕೆಯೊಂದು "ಇದು ಇತಿಹಾಸ, ನಮ್ಮ ವಿಷಯವಲ್ಲ" ಎಂದು ಹಿಂದಿರುಗಿಸಿತ್ತು. ಅದನ್ನು ಮತ್ತೆ ಬರೆದು ಪ್ರಕಟಿಸಲು ನಾಲ್ಕು ವರ್ಷ ಹಿಡಿಯಿತು.

ಈಗ ನನ್ನ ಆಸಕ್ತಿ ಹೆಚ್ಚಾಗಿ ಕಬ್ಬಿಣದ ಅದಿರಿನ ಕಡೆಗಿದೆ. ಸಂಡೂರಿನ ಅದಿರು ಚೀನಾಕ್ಕೆ ಹೋಗುತ್ತಿದ್ದ ದಿನಗಳು, 2010ರಲ್ಲಿ ರಾಜ್ಯ ಸರ್ಕಾರ ರಫ್ತು ತಡೆದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ್ದು, 2022ರಲ್ಲಿ ರಫ್ತಿಗೆ ಮತ್ತೆ ಅನುಮತಿ ಕೊಟ್ಟದ್ದು, ಇವೆಲ್ಲ ವಿದೇಶಾಂಗ ನೀತಿಯ ಪಾಠಗಳೂ ಹೌದು. ಲಾರಿಯ ಧೂಳು ಕುಡಿದು ಬೆಳೆದ ವಿದ್ಯಾರ್ಥಿಗಳು ಈ ವಿಷಯದಲ್ಲಿ ನನಗಿಂತ ಹರಿತವಾದ ಪ್ರಶ್ನೆಗಳನ್ನು ಎತ್ತುತ್ತಾರೆ.

ಇನ್ನು ಹುದ್ದೆಯ ವಿಚಾರ. ನಮ್ಮ ಭಾಗದಲ್ಲಿ ಈ ವಿಷಯಕ್ಕೆ ಬೇರೆ ವಿಭಾಗ ಸಿಗುವುದು ಅಪರೂಪ. ರಾಜ್ಯಶಾಸ್ತ್ರ ವಿಭಾಗದಲ್ಲೇ ಒಂದೆರಡು ಪತ್ರಿಕೆಗಳಾಗಿ ಇರುತ್ತದೆ. ಎಂ.ಎ. ನಂತರ ಬೋಧಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ರಾಜ್ಯಮಟ್ಟದ್ದು) ತೇರ್ಗಡೆಯಾಗಬೇಕು. ನಾನು ಮಾಡಿದ ಎಂ.ಫಿಲ್. ಈಗ ಇಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಗಳ ಪ್ರಕಾರ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ಪಿಎಚ್.ಡಿ., ಹತ್ತು ವರ್ಷಗಳ ಅನುಭವ, ಕನಿಷ್ಠ ಹತ್ತು ಸಂಶೋಧನಾ ಪ್ರಕಟಣೆಗಳು ಬೇಕು. ನಿಯಮಗಳಲ್ಲಿ ಕಾಣದ ಇನ್ನೊಂದು ಸಂಗತಿಯೆಂದರೆ, ಅತಿಥಿ ಉಪನ್ಯಾಸಕರಾಗಿಯೇ ಹಲವು ವರ್ಷ ಕಳೆಯಬೇಕಾಗಬಹುದು. ನಾನೂ ಆರು ವರ್ಷ ಕಳೆದೆ. ಮನೆಯ ಪರಿಸ್ಥಿತಿ ಅದನ್ನು ತಾಳುತ್ತದೆಯೇ ಎಂದು ಈಗಲೇ ಯೋಚಿಸಿಡಿ.

ಕನ್ನಡ ಮಾಧ್ಯಮ ಅಡ್ಡಿಯಲ್ಲ, ಆದರೆ ಇಂಗ್ಲಿಷ್ ಓದಿನ ವೇಗ ಹೆಚ್ಚಿಸಿಕೊಳ್ಳದೆ ವಿಧಿಯಿಲ್ಲ. ದಿನಕ್ಕೆ ಇಪ್ಪತ್ತು ಪುಟದಂತೆ ಓದುತ್ತ ಹೋದರೆ ಎರಡು ವರ್ಷಗಳಲ್ಲಿ ಹಿಡಿತ ಬರುತ್ತದೆ. ನನಗೆ ಹೆಚ್ಚು ನೆರವಾದದ್ದು ಮಾತ್ರ ಉರ್ದು. ನಿಜಾಮರ ಆಡಳಿತ ಭಾಷೆ ಅದೇ ಆಗಿದ್ದುದರಿಂದ ಹೈದರಾಬಾದಿನ ಪತ್ರಾಗಾರದಲ್ಲಿ ಕುಳಿತಾಗ, ಅಜ್ಜ ಹೊಲದ ಕಾಗದಗಳನ್ನು ಮುಂದಿಟ್ಟು ಬಾಲ್ಯದಲ್ಲಿ ಕಲಿಸಿದ್ದ ಅಲೀಫ್-ಬೇ ಕೈಹಿಡಿಯಿತು. ಸಿಂಧನೂರೂ ಆ ಸಂಸ್ಥಾನಕ್ಕೇ ಸೇರಿತ್ತು. ನಿಮ್ಮ ಮನೆಯ ಟ್ರಂಕಿನಲ್ಲೂ ಅಂಥ ಕಾಗದವಿದ್ದರೆ, ಅದನ್ನು ಓದಲು ಕಲಿಯುವುದರಿಂದಲೇ ಆರಂಭಿಸಿ.