ಆಶ್ರಮ ಕಟ್ಟುವ ಮೊದಲು ಆ ಮಕ್ಕಳ ತಾಯಂದಿರನ್ನು ಕೇಳಿ

(ಐರ್ಲೆಂಡಿನಿಂದ ಒಬ್ಬ ಸಹೋದರಿ ಬರೆದಿದ್ದಾರೆ. ಹುಟ್ಟಿದ್ದು ಹುಮನಾಬಾದ್ ಹತ್ತಿರದ ಹಳ್ಳಿಯಲ್ಲಿ, ಈಗ ಡಬ್ಲಿನ್‌ನಲ್ಲಿ ನರ್ಸ್. ಹೋದ ವರ್ಷ ಅಲ್ಲಿನ ಪಾಸ್‌ಪೋರ್ಟ್ ಸಿಕ್ಕಿದೆ. ತಂದೆಯಿಂದ ಬಂದ ಎರಡು ಎಕರೆ ಹೊಲದಲ್ಲಿ ನಲವತ್ತು ಮಕ್ಕಳಿಗೆ ಕ್ರೈಸ್ತ ಮಕ್ಕಳ ಮನೆ ಕಟ್ಟಬೇಕು ಅಂತ ಅವರ ಆಸೆ, ಕಟ್ಟಡಕ್ಕೆ 60 ಲಕ್ಷ ಅಂದಾಜು. "ಪಂಡಿತಾ ರಮಾಬಾಯಿಯವರ ಹಾಗೆ ಹುಟ್ಟಿದ ನೆಲಕ್ಕೆ ಏನಾದರೂ ಮಾಡಬೇಕು. ನಮ್ಮೂರ ಕಡೆ ದಿಕ್ಕಿಲ್ಲದ ಮಕ್ಕಳು ತುಂಬಾ ಇದ್ದಾರೆ. ಪತ್ರಿಕೆಯಲ್ಲಿ ಒಂದು ಮನವಿ ಹಾಕಿ" ಅಂತ ಕೇಳಿದ್ದಾರೆ.)

ಪ್ರಿಯ ಸಹೋದರಿ, ವಂದನೆಗಳು.

ನೈಟ್ ಡ್ಯೂಟಿ ಮಾಡಿ ಕೂಡಿಟ್ಟ ದುಡ್ಡನ್ನು ಊರಿನ ಮಕ್ಕಳಿಗೆ ಕೊಡಬೇಕು ಅನ್ನುವ ಮನಸ್ಸು ಎಲ್ಲರಿಗೂ ಬರಲ್ಲ. ನಿಮ್ಮ ಪತ್ರ ಓದಿ ತುಂಬಾ ಸಂತೋಷವಾಯಿತು. ಆದರೆ ಮನವಿಯನ್ನು ಈ ಸಂಚಿಕೆಯಲ್ಲಿ ಹಾಕಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಪತ್ರದಲ್ಲಿ ರೂಮುಗಳ ಲೆಕ್ಕ ಇದೆ, ಬೋರ್‌ವೆಲ್ ಇದೆ, ಸೋಲಾರ್ ಇದೆ, ಪ್ರಾರ್ಥನೆಯ ಹಾಲ್ ಎಷ್ಟು ಅಡಿ ಅನ್ನೋದೂ ಇದೆ. ಆ ನಲವತ್ತು ಮಕ್ಕಳು ಯಾರು ಅನ್ನೋದು ಮಾತ್ರ ಎಲ್ಲೂ ಇಲ್ಲ. ಒಂದು ಮಗುವಿನ ಬಗ್ಗೆಯಾದರೂ, ಅದರ ಮನೆಯಲ್ಲಿ ಯಾರಿದ್ದಾರೆ, ಅಮ್ಮ ಏನು ಕೆಲಸ ಮಾಡುತ್ತಾಳೆ, ಅಜ್ಜಿ ಇದ್ದಾಳಾ, ಸೋದರಮಾವ ಇದ್ದಾನಾ ಅಂತ ಒಂದು ಸಾಲು ಇದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ದಿಕ್ಕಿಲ್ಲದವರು ಅಂತ ನೀವು ಬರೆದ ಮಕ್ಕಳಲ್ಲಿ ಎಷ್ಟು ಜನಕ್ಕೆ ನಿಜವಾಗಿ ತಾಯಿ ಇಲ್ಲ? ಕೇಳಿ ನೋಡಿದ್ದೀರಾ?

ಕೇಳಿದವರಿಗೆ ಸಿಕ್ಕ ಉತ್ತರ ಏನು ಗೊತ್ತಾ? ಜಗತ್ತಿನ ಅನಾಥಾಶ್ರಮಗಳಲ್ಲಿರುವ ಪ್ರತಿ ಐದು ಮಕ್ಕಳಲ್ಲಿ ನಾಲ್ವರಿಗಾದರೂ ಅಪ್ಪ ಅಥವಾ ಅಮ್ಮ ಬದುಕಿದ್ದಾರೆ ಅಂತ ಸೇವ್ ದ ಚಿಲ್ಡ್ರನ್ ಸಂಸ್ಥೆ 2009ರಲ್ಲೇ ಹೇಳಿತು. ಕಾಂಬೋಡಿಯಾದಲ್ಲಿ 2005ರಿಂದ 2010ರೊಳಗೆ ಆಶ್ರಮಗಳ ಸಂಖ್ಯೆ 75 ಪರ್ಸೆಂಟ್ ಹೆಚ್ಚಿತು. ಅಲ್ಲಿನ ಮಕ್ಕಳಲ್ಲೂ ಮುಕ್ಕಾಲು ಪಾಲಿನವರಿಗೆ ಒಬ್ಬ ಹೆತ್ತವರಾದರೂ ಇದ್ದರು. ದಾನಿಗಳು ಬಂದರು, ಪ್ರವಾಸಿಗರು ಬಂದರು, ಕಟ್ಟಡ ಎದ್ದವು, ಆಮೇಲೆ ಕಟ್ಟಡ ತುಂಬಿಸಲು ಬಡವರ ಮನೆಗಳಿಂದ ಮಕ್ಕಳನ್ನು ತಂದರು. ಮಂಚ ಹಾಕಿದ ಮೇಲೆ ಖಾಲಿ ಬಿಡಲು ಯಾರಿಗೂ ಮನಸ್ಸಾಗಲ್ಲ ಅಲ್ವಾ? ವರ್ಷಕ್ಕೊಮ್ಮೆ ದಾನಿಗಳಿಗೆ ರಿಪೋರ್ಟ್ ಕಳಿಸಬೇಕು, ಅದರಲ್ಲಿ ನಲವತ್ತು ಮುಖ ಕಾಣಬೇಕು.

ಇದನ್ನು ನಾನು ನಮ್ಮ ನಾಡಲ್ಲೇ ಕಣ್ಣಾರೆ ಕಂಡಿದ್ದೇನೆ. ಊರಿನ ಹೆಸರು ಬೇಡ. ಅಲ್ಲೊಂದು ಆಶ್ರಮಕ್ಕೆ ಹೋದಾಗ ಮಕ್ಕಳು ಹೊರದೇಶದ ದಾನಿಗಳಿಗೆ ಕ್ರಿಸ್ಮಸ್ ಪತ್ರ ಬರೆಯುತ್ತಿದ್ದರು. ಕರಿಹಲಗೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಎಲ್ಲರೂ ಅದನ್ನೇ ನೋಡಿಕೊಂಡು ಬರೆಯಬೇಕು. ಎರಡನೇ ಸಾಲು, ನನಗೆ ತಂದೆ ತಾಯಿ ಇಲ್ಲ ಅಂತ. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗ ದುಂಡಗಿನ ಅಕ್ಷರದಲ್ಲಿ ಅದನ್ನು ಬರೆದು ಪೆನ್ಸಿಲ್ ಕೆಳಗಿಟ್ಟ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಮಾತಾಡಿಸಿದೆ. ಅಪ್ಪ ಹೈದರಾಬಾದಿನಲ್ಲಿ ಗೌಂಡಿ ಕೆಲಸ, ಅವ್ವ ಕೂಲಿಗೆ ಹೋಗ್ತಾಳೆ, ತಿಂಗಳಿಗೊಮ್ಮೆ ಭಾನುವಾರ ಬರ್ತಾಳೆ, ಬರುವಾಗ ಜೋಳದ ರೊಟ್ಟಿ ಶೇಂಗಾ ಚಟ್ನಿ ತರ್ತಾಳೆ ಅಂದ. ತಂಗಿ ಮನೆಯಲ್ಲೇ ಇದ್ದಾಳಂತೆ, ಅದನ್ನು ಹೇಳುವಾಗ ಅವನ ದನಿ ಬದಲಾಯಿತು. ಆ ಅವ್ವನ ಹತ್ತಿರ ಮಗನ ಪುಸ್ತಕ, ಬಟ್ಟೆ, ಬಸ್ ಚಾರ್ಜಿಗೆ ದುಡ್ಡಿರಲಿಲ್ಲ, ಅಷ್ಟೇ. ಅಷ್ಟಕ್ಕೆ ಅವನನ್ನು ಅನಾಥ ಮಾಡಿದರು, ಅದನ್ನು ಅವನ ಕೈಯಿಂದಲೇ ಬರೆಸಿದರು. ಇದು ನಮ್ಮ ಕ್ರೈಸ್ತ ಸಭೆಗಳ ಕಾಣಿಕೆ ದುಡ್ಡಿನಲ್ಲಿ ನಡೆಯುತ್ತಿತ್ತು. ಇವತ್ತಿಗೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಹಾಗಂತ ಮಕ್ಕಳ ಮನೆಗಳೇ ಬೇಡ ಅನ್ನುತ್ತಿಲ್ಲ. ನಿಜವಾಗಿ ಯಾರೂ ಇಲ್ಲದ ಮಕ್ಕಳಿದ್ದಾರೆ, ಮನೆಯೊಳಗೇ ಹಿಂಸೆ ಅನುಭವಿಸಿ ಓಡಿಬಂದವರಿದ್ದಾರೆ, ಅವರಿಗೆ ಒಂದು ಬಾಗಿಲು ತೆರೆದಿರಲೇಬೇಕು. ಪ್ರಾಣ ಕೊಟ್ಟು ನಡೆಸುವವರನ್ನೂ ನಾನು ಬಲ್ಲೆ. ಬೀದರ್, ಕಲಬುರಗಿ ಕಡೆಯ ನಮ್ಮ ಎಷ್ಟೋ ಮನೆಗಳ ಹಿರಿಯರು ಮಿಷನ್ ಬೋರ್ಡಿಂಗಿನಲ್ಲಿದ್ದೇ ಅಕ್ಷರ ಕಲಿತವರು. ಆದರೆ ಅವರು ರಜೆಗೆ ಮನೆಗೆ ಹೋಗುತ್ತಿದ್ದರು, ಅವರನ್ನು ಯಾರೂ ಅನಾಥರು ಅಂತ ಬರೆದುಕೊಂಡಿರಲಿಲ್ಲ.

ಇನ್ನು ರಮಾಬಾಯಿ. ಅವರ ಹೆಸರು ನೀವು ಎತ್ತಿದ್ದು ನನಗೆ ಎಷ್ಟು ಇಷ್ಟವಾಯಿತು ಹೇಳಲಾರೆ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಹೆಣ್ಣುಮಗಳು. ಬರದ ಕಾಲದಲ್ಲಿ ಅಪ್ಪ, ಅಮ್ಮ, ಅಕ್ಕನನ್ನು ಕಳೆದುಕೊಂಡು ಅಣ್ಣನ ಜೊತೆ ನಡೆದುಕೊಂಡೇ ದೇಶ ಸುತ್ತಿದವರು. ಇಂಗ್ಲೆಂಡಿಗೆ ಹೋಗಿ 1883ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು, ಅಮೆರಿಕಾ ತಿರುಗಿ, 1889ರಲ್ಲಿ ವಾಪಸ್ ಬಂದು ಮುಂಬಯಿಯಲ್ಲಿ ಶಾರದಾ ಸದನ ಅನ್ನುವ ಶಾಲೆ ತೆರೆದರು. ಹೊರದೇಶದಲ್ಲೇ ಉಳಿಯಬಹುದಿತ್ತು, ಉಳಿಯಲಿಲ್ಲ. ನೀವು ಅವರನ್ನು ಹಿಡಿದುಕೊಂಡದ್ದು ಸರಿಯಾಗಿಯೇ ಇದೆ. ಆದರೆ ಅವರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೊದಲು ಕರೆದದ್ದು ವಿಧವೆಯರನ್ನು. ಪುಣೆ ಹತ್ತಿರದ ಕೇಡಗಾಂವ್‌ನ ಅವರ ಆಶ್ರಮ, ಮುಕ್ತಿ ಮಿಷನ್, ತುಂಬಿದ್ದು 1896-97ರ ಬರ ಬಂದಾಗ, ಮಧ್ಯ ಪ್ರಾಂತ್ಯದಲ್ಲಿ ಹಸಿವಿನಿಂದ ಊರುಗಳೇ ಚೆಲ್ಲಾಪಿಲ್ಲಿಯಾಗಿ, ಮಕ್ಕಳನ್ನು ಕೇಳುವವರು ದಿಕ್ಕುದಿಕ್ಕಿಗೆ ಹೋಗಿದ್ದಾಗ. ಕರೆತಂದವರಿಗೆ ಬರೀ ಅನ್ನ ಹಾಕಿ ಕೂರಿಸಲಿಲ್ಲ. ಮಗ್ಗ, ಎಣ್ಣೆ ಗಾಣ, ಅಚ್ಚುಕೂಟ, ಒಂದೊಂದು ಕೈಗೆ ಒಂದೊಂದು ಕೆಲಸ ಕಲಿಸಿದರು, ತಾವೇ ದುಡಿದು ನಿಲ್ಲಲಿ ಅಂತ. ನಿಮ್ಮ ಸೀಮೆಯ ಕಲಬುರಗಿಯಲ್ಲಿ ಅವರು ತೆರೆದದ್ದು ಶಾಲೆ, ಮಗಳು ಮನೋರಮಾ ಅದನ್ನು ನೋಡಿಕೊಂಡರು. ಇವತ್ತು ಹುಮನಾಬಾದಿನಲ್ಲಿ ಆ ಬರ ಇಲ್ಲ. ಇರೋದು ಸಾಲ, ಕುಡಿತ, ಮಳೆ ಕೈಕೊಟ್ಟ ವರ್ಷ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗುವ ಸಂಸಾರಗಳು. ರಮಾಬಾಯಿ ಈಗ ಇದ್ದಿದ್ದರೆ ಮೊದಲು ಆ ತಾಯಂದಿರನ್ನು ಹುಡುಕಿಕೊಂಡು ಹೋಗುತ್ತಿದ್ದರು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಬೈಬಲಿನ ಮಾತಿಗೆ ಬನ್ನಿ. ಕಷ್ಟದಲ್ಲಿರುವವರನ್ನು ನೋಡಿಕೊಳ್ಳುವುದೇ ನಿಜವಾದ ಭಕ್ತಿ ಅನ್ನುವ ಯಾಕೋಬನ ಪತ್ರದ ವಚನವನ್ನು ನಾವೆಲ್ಲ ಆಶ್ರಮದ ಗೋಡೆಗೆ ಬರೆಸುತ್ತೇವೆ. ಅಲ್ಲಿ ದಿಕ್ಕಿಲ್ಲದ ಮಕ್ಕಳ ಜೊತೆಗೇ ವಿಧವೆಯರೂ ಇದ್ದಾರೆ. ನಾವು ಮಕ್ಕಳನ್ನು ಒಳಗೆ ತಂದು ವಿಧವೆಯನ್ನು ಗೇಟಿನ ಹೊರಗೆ ಬಿಟ್ಟೆವು. ಪ್ರವಾದಿ ಎಲೀಯನು ಚಾರೆಪ್ತಾ ಊರಿನ ವಿಧವೆಯ ಮನೆಯಲ್ಲಿ ಹಿಟ್ಟು, ಎಣ್ಣೆ ಮುಗಿಯದ ಹಾಗೆ ನೋಡಿಕೊಂಡನು, ಮಗ ಸತ್ತಾಗ ಬದುಕಿಸಿ ಅವಳ ಕೈಗೇ ಕೊಟ್ಟನು. ನಾಯಿನ್ ಊರಿನಲ್ಲಿ ನಮ್ಮ ಕರ್ತನಾದ ಯೇಸು ಮಾಡಿದ್ದೂ ಅದನ್ನೇ, ಸಾವಿನಿಂದ ಎಬ್ಬಿಸಿದ ಹುಡುಗನನ್ನು ತಾಯಿಗೆ ಒಪ್ಪಿಸಿದನು. ಎಲ್ಲಕ್ಕಿಂತ ನನಗೆ ಆಶ್ಚರ್ಯ ಅನಿಸೋದು ಐಗುಪ್ತದ ಅರಸ ಫರೋಹನ ಮಗಳು. ನದಿಯಲ್ಲಿ ಸಿಕ್ಕ ಮೋಶೆಯನ್ನು ಅವಳು ಏನು ಮಾಡಿದಳು? ಹೆತ್ತ ತಾಯಿಯ ಕೈಗೇ ಕೊಟ್ಟು, ಸಾಕು, ಸಂಬಳ ನಾನು ಕೊಡುತ್ತೇನೆ ಅಂದಳು. ಅವಳೇ ಹೆತ್ತವಳು ಅಂತ ಗೊತ್ತಿಲ್ಲದೆ ಹೇಳಿದ್ದಿರಬಹುದು, ಆದರೂ ಅರಮನೆಯ ದುಡ್ಡು ಆ ಬಡವಿಯ ಮನೆಗೆ ಹೋಯಿತು. ಅರಮನೆಯಲ್ಲಿ ಕೋಣೆಗಳಿಗೇನು ಬರ ಇತ್ತಾ?

ನಿಮ್ಮ 60 ಲಕ್ಷದ ಲೆಕ್ಕ ನೋಡೋಣ. ಕೇಂದ್ರ ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಒಂದಿದೆ. ಗಂಡ ತೀರಿಕೊಂಡ ಅಥವಾ ಬಿಟ್ಟುಹೋದ ತಾಯಿ, ದೊಡ್ಡ ಕಾಯಿಲೆ ಬಿದ್ದ ಹೆತ್ತವರು, ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿ, ಇಂಥ ಮನೆಗಳಲ್ಲಿರುವ ಮಗುವಿಗೆ ತಿಂಗಳಿಗೆ 4000 ರೂಪಾಯಿ. ಹಳ್ಳಿಯಲ್ಲಿ ಮನೆಯ ಆದಾಯ ವರ್ಷಕ್ಕೆ 72,000 ದಾಟಿರಬಾರದು. ಅದೇ 4000ವನ್ನು ನೀವು ಕೊಡುತ್ತೀರಿ ಅಂದುಕೊಳ್ಳಿ: 25 ಮಕ್ಕಳಿಗೆ ವರ್ಷಕ್ಕೆ 12 ಲಕ್ಷ, ಐದು ವರ್ಷಕ್ಕೆ 60 ಲಕ್ಷ. ಬರೀ ಗೋಡೆ, ಚಾವಣಿಗೆ ಹೋಗುವ ದುಡ್ಡಿನಲ್ಲಿ 25 ಮಕ್ಕಳು ಐದು ವರ್ಷ ಅವ್ವನ ಪಕ್ಕ ಮಲಗಿ ಶಾಲೆಗೆ ಹೋಗಬಹುದು. ಆಶ್ರಮಕ್ಕಾದರೆ ಇದರ ಮೇಲೆ ಅಡುಗೆಯವರು, ವಾರ್ಡನ್, ವಾಚ್‌ಮನ್, ಕರೆಂಟ್ ಬಿಲ್ಲು, ಅಕ್ಕಿ, ಬೇಳೆ ಎಲ್ಲ ಬೇರೆ. ಅಷ್ಟೂ ಅಲ್ಲ, ಆ ಸರಕಾರಿ ದುಡ್ಡಿಗೆ ಅರ್ಜಿ ಹಾಕಲು ಎಷ್ಟೋ ತಾಯಂದಿರಿಗೆ ಗೊತ್ತೇ ಇಲ್ಲ. ಗಂಡನ ಮರಣ ಪ್ರಮಾಣಪತ್ರ ಮಾಡಿಸಿರಲ್ಲ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆಯಲು ಒಂದು ದಿನದ ಕೂಲಿ ಹೋಗುತ್ತದೆ, ಆಧಾರ್‌ನಲ್ಲಿ ಹೆಸರು ಒಂದು, ಶಾಲೆಯಲ್ಲಿ ಇನ್ನೊಂದು. ಓದಿದ ಒಬ್ಬ ಹುಡುಗಿಗೆ ಸಂಬಳ ಮತ್ತು ಒಂದು ಸ್ಕೂಟಿ ಕೊಟ್ಟು ಇದೇ ಕೆಲಸಕ್ಕೆ ನಿಲ್ಲಿಸಿದರೆ ಎಷ್ಟು ಮನೆ ಉಳಿಯುತ್ತವೆ, ಯೋಚನೆ ಮಾಡಿ.

ಆಶ್ರಮದಲ್ಲಿ ಒಳ್ಳೆ ಊಟ, ಒಳ್ಳೆ ಇಂಗ್ಲಿಷ್ ಸಿಗುತ್ತದಲ್ಲ ಅಂತ ನೀವು ಕೇಳಬಹುದು. ನೀವು ನರ್ಸ್, ಹಾಗಾಗಿ ಇದನ್ನು ಹೇಳುತ್ತೇನೆ. ರುಮೇನಿಯಾದಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಆಳ್ವಿಕೆ 1989ರಲ್ಲಿ ಮುಗಿದಾಗ ಸಾವಿರಾರು ಮಕ್ಕಳು ಸರಕಾರಿ ಆಶ್ರಮಗಳಲ್ಲಿದ್ದರು. ಅಲ್ಲಿನ ರಾಜಧಾನಿ ಬುಖಾರೆಸ್ಟ್‌ನಲ್ಲಿ 136 ಪುಟ್ಟ ಮಕ್ಕಳನ್ನು ವಿಜ್ಞಾನಿಗಳು ವರ್ಷಗಟ್ಟಲೆ ನೋಡಿದರು, ಅರ್ಧ ಜನ ಸಾಕಲು ಒಪ್ಪಿದ ಕುಟುಂಬಗಳ ಮನೆಗೆ ಹೋದವರು, ಅರ್ಧ ಜನ ಆಶ್ರಮದ ಆರೈಕೆಗೆ ಉಳಿದವರು. ಬುದ್ಧಿ, ಮಾತು, ಮೆದುಳಿನ ಚಟುವಟಿಕೆ, ಯಾರಿಗಾದರೂ ಅಂಟಿಕೊಳ್ಳುವ ಗುಣ, ಎಲ್ಲದರಲ್ಲೂ ಮನೆಗೆ ಹೋದವರು ಮುಂದೆ. ಎಷ್ಟು ಬೇಗ ಹೋದರೋ ಅಷ್ಟು ಒಳ್ಳೆಯದಾಯಿತು. ನಿಮ್ಮ ಆಶ್ರಮ ಅಷ್ಟು ಕೆಟ್ಟದಾಗಿರಲ್ಲ, ಒಪ್ಪುತ್ತೇನೆ. ಆದರೂ ಮೂರು ಪಾಳಿಯಲ್ಲಿ ಬದಲಾಗುವ ಆಯಾಗಳ ಹತ್ತಿರ ಮಗು ಯಾರನ್ನು ಅಮ್ಮ ಅನ್ನಬೇಕು? ಹದಿನೆಂಟು ತುಂಬಿ ಹೊರಬಂದ ಹುಡುಗನ ಮದುವೆಗೆ ಸಂಬಂಧ ಮಾತಾಡಲು ಯಾರು ಹೋಗಬೇಕು? ಹೀಗೆ ಬೆಳೆದ ಒಬ್ಬ ಯುವಕ ಲಗ್ನಪತ್ರಿಕೆ ಹಿಡಿದು ನಮ್ಮ ಆಫೀಸಿಗೆ ಬಂದಿದ್ದ. ತಂದೆ ತಾಯಿಯ ಹೆಸರಿನ ಜಾಗದಲ್ಲಿ ಆಶ್ರಮದ ಹೆಸರಿತ್ತು. ಅವನ ಸ್ವಂತ ಚಿಕ್ಕಪ್ಪ ಪಕ್ಕದ ತಾಲ್ಲೂಕಿನಲ್ಲೇ ಇದ್ದರು. ಅಷ್ಟು ವರ್ಷದಲ್ಲಿ ಯಾರೂ ಅವರನ್ನು ಹುಡುಕಿರಲಿಲ್ಲ.

ನನ್ನ ಬೇಸರ ನಿಮ್ಮ ಮೇಲಲ್ಲ. ನಮ್ಮ ಸಭೆಗಳಿಗೆ ಕಟ್ಟಡದ ಮೇಲೆ ಇರುವ ಪ್ರೀತಿ ಮನುಷ್ಯರ ಮೇಲೆ ಇಲ್ಲ. ಅಡಿಗಲ್ಲು ಹಾಕಲು ಬಿಷಪ್ಪರು ಬರುತ್ತಾರೆ, ಉದ್ಘಾಟನೆಗೆ ಶಾಸಕರು ಬರುತ್ತಾರೆ, ಗ್ರಾನೈಟ್ ಕಲ್ಲಿನ ಮೇಲೆ ದಾನಿಗಳ ಹೆಸರು ಕೆತ್ತುತ್ತಾರೆ. ವಿಧವೆಯ ಆರು ತಿಂಗಳ ಮನೆ ಬಾಡಿಗೆ ಕಟ್ಟಿದರೆ ಹೆಸರು ಎಲ್ಲಿ ಕೆತ್ತೋದು? ಅದಕ್ಕೇ ಅದಕ್ಕೆ ದುಡ್ಡು ಬರಲ್ಲ. ಹೊರದೇಶದಲ್ಲಿರುವ ನಮ್ಮವರೂ ಊರಿಗೆ ಬಂದಾಗ ತೋರಿಸಲು ಒಂದು ಕಟ್ಟಡ ಕೇಳುತ್ತಾರೆ. ಪ್ರತಿ ತಿಂಗಳು ಮನವಿಗಳು ನಮ್ಮ ಮೇಜಿಗೆ ಬರುತ್ತವೆ, ಎಲ್ಲದರಲ್ಲೂ ಸಾಲಾಗಿ ಕೈಕಟ್ಟಿ ನಿಂತ ಮಕ್ಕಳ ಫೋಟೋ. ನಮ್ಮ ಸ್ವಂತ ಮಕ್ಕಳ ಫೋಟೋವನ್ನು ಹಾಗೆ ದುಡ್ಡು ಕೇಳಲು ಕಳಿಸುತ್ತೇವಾ? ಇಂಥ ಫೋಟೋಗಳನ್ನು ಈ ಪತ್ರಿಕೆ ಇನ್ನು ಮೇಲೆ ಹಾಕಲ್ಲ.

ಕಾನೂನಿನ ಮಾತು ಚುಟುಕಾಗಿ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಮಕ್ಕಳ ಮನೆಗೆ ನೋಂದಣಿ ಕಡ್ಡಾಯ, ಇಲ್ಲದಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಕನಿಷ್ಠ ಒಂದು ಲಕ್ಷ ದಂಡ, ಎರಡೂ ಆಗಬಹುದು. ಪಾಸ್ಟರ್ ಹೇಳಿದರು ಅಂತ ಮಗುವನ್ನು ಸೇರಿಸಿಕೊಳ್ಳುವ ಹಾಗಿಲ್ಲ, ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಅಂತ ಆ ಕಾಯ್ದೆಯೇ ಹೇಳುತ್ತದೆ. ಇನ್ನೊಂದು ವಿಷಯ, ನಿಮ್ಮದು ಈಗ ಐರ್ಲೆಂಡಿನ ಪಾಸ್‌ಪೋರ್ಟ್, ಅಂದರೆ ನೀವು ಈಗ ಭಾರತದ ಪ್ರಜೆಯಲ್ಲ. ಆದ್ದರಿಂದ ನಿಮ್ಮ ಟ್ರಸ್ಟಿಗೆ ನೀವೇ ಕಳಿಸುವ ದುಡ್ಡೂ ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಪಡೆಯಲು ಕೇಂದ್ರ ಸರಕಾರ ಕೊಡುವ ನೋಂದಣಿ, ಬೇಕು. ಅದು ಸಿಗಬೇಕಾದರೆ ಸಂಸ್ಥೆಗೆ ಮೂರು ವರ್ಷವಾದರೂ ಆಗಿರಬೇಕು, ಆ ಅವಧಿಯಲ್ಲಿ 15 ಲಕ್ಷ ಖರ್ಚು ಮಾಡಿ ಕೆಲಸ ಮಾಡಿರಬೇಕು. 2020ರ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ಹಾಗಾಗಿ ಸದ್ಯಕ್ಕೆ, ಎಫ್‌ಸಿಆರ್‌ಎ ಇದ್ದು ಕುಟುಂಬಗಳ ನಡುವೆ ತಾವೇ ಕೆಲಸ ಮಾಡುವವರನ್ನು ಹುಡುಕಿ, ಅವರ ಲೆಕ್ಕಪತ್ರ ನೋಡಿ ಕೊಡೋದೇ ಸರಿ.

ಆ ಎರಡು ಎಕರೆಯಲ್ಲಿ ಏನಾದರೂ ಕಟ್ಟಲೇಬೇಕು ಅನಿಸಿದರೆ ಒಂದು ದೊಡ್ಡ ಕೋಣೆ, ಒಂದು ಅಡುಗೆಮನೆ ಸಾಕು. ಶಾಲೆ ಬಿಟ್ಟ ಮಕ್ಕಳು ಅಲ್ಲಿಗೆ ಬರಲಿ, ಉಂಡು, ಓದಿಕೊಂಡು, ಅವ್ವ ಹೊಲದಿಂದ ಬರುವ ಹೊತ್ತಿಗೆ ಮನೆಗೆ ಹೋಗಲಿ. ಜಾತಿ, ಮತ ಕೇಳದೆ ಎಲ್ಲ ಮಕ್ಕಳೂ ಬರಲಿ. ಅದಕ್ಕೆ ನಿಮ್ಮ ತಾಯಿಯ ಹೆಸರಿಡಿ, ಯಾರು ಬೇಡ ಅಂತಾರೆ?

ಡಿಸೆಂಬರ್‌ನಲ್ಲಿ ರಜೆಗೆ ಬರುತ್ತೇನೆ ಅಂತ ಬರೆದಿದ್ದೀರಿ. ಎಂಜಿನಿಯರನ್ನು ನೋಡುವ ಮೊದಲು ಬೀದರ್‌ನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ನಿಮ್ಮ ಹೋಬಳಿಯ ಎಷ್ಟು ಮಕ್ಕಳ ಪ್ರಾಯೋಜಕತ್ವದ ಅರ್ಜಿ ಬಾಕಿ ಇದೆ ಕೇಳಿ. ಆಮೇಲೆ ಆ ಮನೆಗಳಿಗೆ ಹೋಗಿ, ತಾಯಂದಿರ ಜೊತೆ ಕೂತು ಮಾತಾಡಿ. ಅವರು ಏನು ಬೇಕು ಅಂದರು ಅಂತ ನಮಗೆ ಬರೆಯಿರಿ, ಮನವಿ ಜೊತೆಗೇ ಹಾಕುತ್ತೇವೆ. ಹೋಗುವಾಗ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ. ಯಾವ ಮನೆಯಲ್ಲಿ ಏನು ಕಷ್ಟ ಇದೆ ಅಂತ ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲ್ಲ.

ಸಂಪಾದಕ