ಎಂಜಿಬಿ ಹೀಟರ್‌ನಿಂದ ತಣ್ಣನೆ ಗಾಳಿ ಬರುತ್ತಿದ್ದರೆ ಮೊದಲು ಏನು ನೋಡಬೇಕು?

ನಿಮ್ಮದು 1972ರ ಎಂಜಿಬಿ ಜಿಟಿ, ಅಂದರೆ ಬ್ರಿಟನ್ನಿನ ಹಳೆಯ ಎಂಜಿ ಸ್ಪೋರ್ಟ್ಸ್ ಕಾರಿನ ಗಟ್ಟಿ ಛಾವಣಿಯ ಮಾದರಿ. ಫ್ಯಾನ್ ತಿರುಗುತ್ತದೆ, ಆದರೆ ಬರುವುದು ತಣ್ಣನೆ ಗಾಳಿ. ಮಳೆ ಬಂದಾಗ ಕಾಲಡಿಯ ಕಾರ್ಪೆಟ್ ಒದ್ದೆಯಾಗುತ್ತದೆ. ಹೀಟರ್ ಮ್ಯಾಟ್ರಿಕ್ಸ್ (ಎಂಜಿನ್ನಿನ ಬಿಸಿನೀರು ಹರಿದು ಗಾಳಿಯನ್ನು ಕಾಯಿಸುವ ಪುಟ್ಟ ರೇಡಿಯೇಟರ್) ಬದಲಿಸಬೇಕು ಅಂತ ಗ್ಯಾರೇಜಿನವರು ಹೇಳಿದ್ದಾರೆ, ಒಪ್ಪಬೇಕಾ ಅಂತ ಕೇಳಿದ್ದೀರಿ.

ಈಗಲೇ ಒಪ್ಪಬೇಡಿ. ನಾನು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿದ್ದೇನೆ. ಹೆಚ್ಚುಕಡಿಮೆ ಅದೇ ಕಾಲದ ಜಿಟಿಯನ್ನು ಚಳಿಗಾಲದಲ್ಲೂ ಓಡಿಸುತ್ತೇನೆ. ಈ ಕಾರಿನ ಹೀಟರ್ ಅಂದರೆ ಇಷ್ಟೇ ಬಿಡಿ ಅನ್ನುವವರು ಜಾಸ್ತಿ. ಆ ಮಾತು ಸರಿಯಲ್ಲ. 1962ರಲ್ಲಿ ಎಂಜಿಬಿ ಬಂದಾಗ ಹೀಟರ್ ಬೇಕಿದ್ದರೆ ಬೇರೆ ದುಡ್ಡು ಕೊಡಬೇಕಿತ್ತು, ನಿಜ. ಆದರೆ ಎಲ್ಲ ಸರಿಯಿದ್ದರೆ ಅಷ್ಟು ಚಿಕ್ಕ ಕ್ಯಾಬಿನ್ನಿಗೆ ಅದು ಧಾರಾಳವಾಗಿ ಸಾಕು.

ತೊಂದರೆ ಬಿಸಿನೀರಿನದೋ ಗಾಳಿಯದೋ ಅನ್ನುವುದು ಮೊದಲು ತಿಳಿಯಬೇಕು. ಅದಕ್ಕೆ ಯಾವ ಪಾನಾನೂ ಬೇಡ. ಬಿಸಿಯ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟು ಎಂಜಿನ್ ಚೆನ್ನಾಗಿ ಕಾಯುವವರೆಗೆ ಕಾರು ಓಡಿಸಿ. ಆಮೇಲೆ ಎಂಜಿನ್ ನಿಲ್ಲಿಸಿ, ಮ್ಯಾಟ್ರಿಕ್ಸ್ ಇರುವ ಹೀಟರ್ ಡಬ್ಬಿಗೆ ಹೋಗುವ ಎರಡೂ ಹೋಸ್‌ಗಳನ್ನು ಹುಷಾರಾಗಿ ಮುಟ್ಟಿ ನೋಡಿ.

ಎರಡೂ ತಣ್ಣಗಿದ್ದರೆ ನೀರು ಡಬ್ಬಿಯವರೆಗೆ ಬರುತ್ತಲೇ ಇಲ್ಲ. ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿನ ಹಿಂಭಾಗದಲ್ಲಿ, ಸ್ಪಾರ್ಕ್ ಪ್ಲಗ್ ಇರುವ ಬದಿಗೆ ಹೀಟರ್ ವಾಲ್ವ್ ಇದೆ. ಗುಂಡಿ ತಿರುಗಿಸಿದಾಗ ಅದರ ಲಿವರ್ ಪೂರ್ತಿ ಸರಿಯುತ್ತಿದೆಯಾ? ಕೇಬಲ್ ಹಿಡಿದಿಡುವ ಕ್ಲಿಪ್ ಸಡಿಲವಾದರೆ ಒಳಗೆ ಗುಂಡಿ ತಿರುಗುತ್ತದೆ, ವಾಲ್ವ್ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಲಿವರ್ ಸರಿಯಿದ್ದರೆ, ಎಂಜಿನ್ ಪೂರ್ತಿ ಆರಿದ ಮೇಲೆ ಕೂಲೆಂಟ್ (ಎಂಜಿನ್ ತಂಪಿಡುವ ನೀರು) ಇಳಿಸಿ ವಾಲ್ವ್ ಬಿಚ್ಚಿ. ನೀರು ನಿಧಾನವಾಗಿ ಹರಿಯುವ ಜಾಗವಾದ್ದರಿಂದ ತುಕ್ಕಿನ ಗಸಿ ಹೆಡ್ಡಿನ ಆ ತೂತಿನಲ್ಲೇ ಕೂರುತ್ತದೆ. ತಂತಿಯಿಂದ ಕೆದಕಿ ತೆಗೆಯಿರಿ. ಮತ್ತೆ ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ.

ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಮ್ಯಾಟ್ರಿಕ್ಸ್ ಕಟ್ಟಿಕೊಂಡಿರಬಹುದು, ಇಲ್ಲವೇ ಗಾಳಿ ಸಿಕ್ಕಿಕೊಂಡಿರಬಹುದು. ಎರಡೂ ಹೋಸ್ ಬಿಚ್ಚಿ, ವಾಪಸು ಬರುವ ಬದಿಯಿಂದ ತೋಟದ ಪೈಪಿನಲ್ಲಿ ನೀರು ಬಿಡಿ. ನಲ್ಲಿಯನ್ನು ಸ್ವಲ್ಪವೇ ತಿರುಗಿಸಿ. ನಿಮ್ಮ ಕಾರಿನ ರೇಡಿಯೇಟರ್ ಮುಚ್ಚಳ 10 ಪಿಎಸ್‌ಐ ಒತ್ತಡದ ಮಟ್ಟದ್ದು, ಮನೆ ನಲ್ಲಿಯ ಒತ್ತಡ ಅದಕ್ಕಿಂತ ಎಷ್ಟೋ ಹೆಚ್ಚು. ಹಳೆಯ ಬೆಸುಗೆ ಅದನ್ನು ತಾಳುವುದಿಲ್ಲ. ನೀರು ತಿಳಿಯಾಗುವವರೆಗೆ ಬಿಟ್ಟು, ಹೋಸ್ ಮತ್ತೆ ಹಾಕುವ ಮುಂಚೆ ಮ್ಯಾಟ್ರಿಕ್ಸ್‌ಗೇ ಫನಲ್ ಇಟ್ಟು ಕೂಲೆಂಟ್ ತುಂಬಿ. ಕಾರಿನ ಮೂತಿ ಏರಿನ ಕಡೆ ಇರುವಂತೆ ನಿಲ್ಲಿಸಿ, ವಾಲ್ವ್ ತೆರೆದಿಟ್ಟು, ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಉಳಿದ ಗಾಳಿಯೂ ಹೊರಗೆ ಬರುತ್ತದೆ.

ಎರಡೂ ಉಗುರುಬೆಚ್ಚಗೆ ಮಾತ್ರ ಇದ್ದರೆ ಥರ್ಮೋಸ್ಟಾಟ್ ನೋಡಿ. ಎಂಜಿನ್ ಕಾದ ಮೇಲಷ್ಟೇ ರೇಡಿಯೇಟರ್ ಕಡೆಗೆ ನೀರು ಬಿಡುವ ವಾಲ್ವ್ ಅದು. ಅದು ತೆರೆದೇ ನಿಂತಿದ್ದರೆ ಎಂಜಿನ್ನೇ ಕಾಯುವುದಿಲ್ಲ. ಮಾಮೂಲಿಯದು 82 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯುವಂಥದ್ದು. ಚಳಿಗಾಲಕ್ಕೆ ನಾನು 88ರದ್ದು ಹಾಕುತ್ತೇನೆ, ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಎರಡೂ ಸುಡುವಷ್ಟು ಬಿಸಿಯಿದ್ದೂ ಗಾಳಿ ತಣ್ಣಗೇ ಬಂದರೆ? ಇಲ್ಲಿ ಹೊಸ ಮ್ಯಾಟ್ರಿಕ್ಸ್ ಹಾಕಿದರೂ ಏನೂ ಬದಲಾಗದೇ ಇರಬಹುದು. ಡಬ್ಬಿಯೊಳಗೆ ಮ್ಯಾಟ್ರಿಕ್ಸ್ ಸುತ್ತ ಫೋಮ್ ಪಟ್ಟಿಗಳಿವೆ. ಐವತ್ತು ವರ್ಷಕ್ಕೆ ಅವು ಪುಡಿಯಾಗಿರುತ್ತವೆ. ಆಗ ಫ್ಯಾನಿನ ಗಾಳಿ ಮ್ಯಾಟ್ರಿಕ್ಸ್ ಮೂಲಕ ಹಾಯದೆ, ಪಕ್ಕದ ಸಂದಿಯಲ್ಲೇ ನುಸುಳಿ ಒಳಗೆ ಬರುತ್ತದೆ. ಗಾಜಿನ ಕೆಳಗಿನ ಕಿಂಡಿಯಿಂದ ಕಪ್ಪು ಚೂರುಗಳು ಹಾರಿ ಬರುತ್ತಿವೆಯಾ ನೋಡಿ. ಬರುತ್ತಿದ್ದರೆ ಅವು ಆ ಫೋಮಿನ ಚೂರುಗಳೇ.

ಇನ್ನು ಒದ್ದೆ ಕಾರ್ಪೆಟ್. ಕೂಲೆಂಟ್ ಸೋರಿದರೆ ಸಿಹಿ ವಾಸನೆ ಇರುತ್ತದೆ, ಮುಂದಿನ ಗಾಜಿನ ಒಳಗೆ ಜಿಡ್ಡಿನ ಪೊರೆ ಕಟ್ಟುತ್ತದೆ, ರೇಡಿಯೇಟರ್‌ನಲ್ಲಿ ಮಟ್ಟ ಇಳಿಯುತ್ತದೆ. ನಿಮ್ಮಲ್ಲಿ ಮಳೆ ಬಂದಾಗ ಮಾತ್ರ ಒದ್ದೆ ಅಂದಿರಿ, ಅಲ್ವಾ? ಹಾಗಿದ್ದರೆ ನನ್ನ ಅನುಮಾನ ಬೇರೆ ಕಡೆ. ಗಾಜಿನ ಮುಂದಿನ ಜಾಲರಿಯಿಂದ ಗಾಳಿಯ ಜೊತೆ ಮಳೆನೀರೂ ಇಳಿಯುತ್ತದೆ. ಆ ನೀರನ್ನು ಹೊರಗೆ ಬಿಡಲು ಗೇರ್‌ಬಾಕ್ಸ್ ಸುರಂಗದ ಕಡೆಗೆ ಒಂದು ರಬ್ಬರ್ ಕೊಳವೆ ಇದೆ. ಎಲೆ, ಮಣ್ಣು ಸೇರಿ ಅದು ಕಟ್ಟಿಕೊಂಡರೆ ನೀರು ನಿಮ್ಮ ಕಾಲ ಬಳಿಗೇ ಬರುತ್ತದೆ. ಕೆಳಗಿನಿಂದ ಕೈ ಹಾಕಿ ಕೊಳವೆ ಹಿಚುಕಿ, ಕಸ ತೆಗೆಯಿರಿ. ಇದನ್ನು ಈ ವಾರವೇ ಮಾಡಿಬಿಡಿ. ನಿಂತ ನೀರು ನೆಲದ ತಗಡನ್ನು ತಿಂದುಹಾಕುತ್ತದೆ, ಆ ಖರ್ಚಿನ ಮುಂದೆ ಹೀಟರ್ ಖರ್ಚು ಏನೂ ಅಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಡಬ್ಬಿ ಕೀಳಲೇಬೇಕಾದರೆ ಇಡೀ ದಿನ ಬಿಡುವು ಮಾಡಿಕೊಳ್ಳಿ. ಗಾಜಿಗೆ ಗಾಳಿ ಒಯ್ಯುವ ಕೊಳವೆಗಳು, ಕೇಬಲ್, ವೈರು ಎಲ್ಲ ಬಿಡಿಸಬೇಕು. ಡಬ್ಬಿಯೂ ಹಳೆಯ ಸೀಲಿಗೆ ಅಂಟಿಕೊಂಡಿರುತ್ತದೆ. ಒಮ್ಮೆ ಹೊರಗೆ ಬಂದ ಮೇಲೆ ಹೊಸ ಫೋಮ್ ಮತ್ತು ಹೊಸ ಹೋಸ್ ಹಾಕದೆ ಮುಚ್ಚಬೇಡಿ. ಬ್ಯಾಟರಿಗೆ ಕೊಟ್ಟು ಮೋಟಾರ್ ತಿರುಗಿಸಿ ನೋಡಿ. ಮ್ಯಾಟ್ರಿಕ್ಸನ್ನು ರೇಡಿಯೇಟರ್ ಅಂಗಡಿಯಲ್ಲಿ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ. ಸೋರದಿದ್ದರೆ ಹಳೆಯದನ್ನೇ ಹಾಕಿ.